ಘಟ್ಟದ ದಾರಿಗೆ ಯಾವ ಅಳತೆಯ ಟೈರು?

ಪ್ರಶ್ನೆ: ನನ್ನ ಹುಂಡೈ ಐ20 ಎನ್ ಲೈನ್ ಕಾರಿನ 195/55 ಆರ್16 ಟೈರುಗಳು ಸವೆದಿವೆ. 17 ಇಂಚಿನ ಅಲಾಯ್ ವೀಲ್‌ಗೆ 205/45 ಟೈರು ಹಾಕಿಸಿದರೆ ತಿರುವುಗಳಲ್ಲಿ ಹಿಡಿತ ಹೆಚ್ಚುತ್ತದೆ ಎಂದು ಶಿವಮೊಗ್ಗದ ಅಂಗಡಿಯವರು ಹೇಳುತ್ತಾರೆ. ಆಗುಂಬೆ ಘಾಟಿಯ ಮೂಲಕ ಆಗಾಗ ಉಡುಪಿಗೆ ಹೋಗಿಬರುತ್ತೇನೆ. ತೋಟದ ಮನೆಗೆ ಮಣ್ಣಿನ ರಸ್ತೆ. ಬದಲಾಯಿಸಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ನೀವು ಓಡಾಡುವ ದಾರಿಯನ್ನು ಗಮನಿಸಿದರೆ, 16 ಇಂಚಿನ ಚಕ್ರವನ್ನು ಬಿಡಬೇಡಿ ಎಂದೇ ನನ್ನ ಸಲಹೆ.

195 ಎಂಬುದು ಮಿಲಿಮೀಟರುಗಳಲ್ಲಿ ಟೈರಿನ ಅಗಲ. 55 ಎಂದರೆ ಟೈರಿನ ಪಕ್ಕೆಯ ಎತ್ತರ ಆ ಅಗಲದ ಶೇ. 55ರಷ್ಟು. ಅಂದರೆ ಈಗಿನ ಪಕ್ಕೆ ಸುಮಾರು 107 ಮಿ.ಮೀ.; 205/45ರದ್ದು ಕೇವಲ 92. ಒಟ್ಟು ವ್ಯಾಸ 621ರಿಂದ 616 ಮಿ.ಮೀ.ಗೆ ಮಾತ್ರ ಇಳಿಯುವುದರಿಂದ ಸ್ಪೀಡೋಮೀಟರ್ ಹೆಚ್ಚುಕಡಿಮೆ ಸರಿಯಾಗಿಯೇ ಇರುತ್ತದೆ. ಅಷ್ಟರಮಟ್ಟಿಗೆ ಅಂಗಡಿಯವರ ಲೆಕ್ಕ ತಪ್ಪಲ್ಲ. ಆದರೆ ಹೊಡೆತ ತಾಳುವ 15 ಮಿ.ಮೀ. ರಬ್ಬರು ಹೋಗಿ ಆ ಜಾಗಕ್ಕೆ ಲೋಹ ಬಂದಿರುತ್ತದೆ. ಮಳೆಗಾಲದಲ್ಲಿ ನೀರು ತುಂಬಿದ ಹೊಂಡದ ಅಂಚು ಕಾಣುವುದಿಲ್ಲ. ಚಕ್ರ ಅದಕ್ಕೆ ಬಡಿದಾಗ ಗಿಡ್ಡ ಪಕ್ಕೆಯು ರಿಮ್ಮಿಗೂ ಕಲ್ಲಿಗೂ ನಡುವೆ ಜಜ್ಜಿಹೋಗಿ, ಒಳಗಿನ ನೂಲುಗಳು ತುಂಡಾಗಿ, ಪಕ್ಕೆಯಲ್ಲಿ ಕೋಳಿಮೊಟ್ಟೆಯಷ್ಟು ಉಬ್ಬು ಏಳುತ್ತದೆ. ಅದಕ್ಕೆ ರಿಪೇರಿಯಿಲ್ಲ, ಟೈರನ್ನೇ ಬದಲಾಯಿಸಬೇಕು.

ಇನ್ನೊಂದು ಸಂಗತಿಯನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅಳತೆಯ ಪಕ್ಕದಲ್ಲಿ 87 ಎಂದು ಬರೆದಿದ್ದರೆ ಆ ಒಂದು ಟೈರು ಹೊರಬಲ್ಲ ಭಾರ 545 ಕಿಲೋ. ಸಾಮಾನ್ಯ 205/45 ಆರ್17 ಟೈರಿನ ಮೇಲೆ 84 ಎಂದಿರುತ್ತದೆ, ಅಂದರೆ 500 ಕಿಲೋ. ಮನೆಮಂದಿಯನ್ನೂ ಸಾಮಾನನ್ನೂ ತುಂಬಿಕೊಂಡು ಘಟ್ಟ ಇಳಿಯುವ ಕಾರಿಗೆ ಇದು ಸಲ್ಲದು. ಹಾಕಿಸಲೇಬೇಕೆಂದಿದ್ದರೆ 88 ಎಂದು ನಮೂದಿಸಿದ, ಹೆಚ್ಚು ಭಾರ ಹೊರುವ ಎಕ್ಸ್‌ಎಲ್ ಮಾದರಿಯನ್ನೇ ಕೇಳಬೇಕು.

ಅಗಲ ಹೆಚ್ಚಿದರೆ ಒಣ ರಸ್ತೆಯಲ್ಲಿ ಹಿಡಿತ ಹೆಚ್ಚುವುದು ನಿಜ. ಆದರೆ ವರ್ಷಕ್ಕೆ ಸರಾಸರಿ 7000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ, ರಸ್ತೆಯ ಮೇಲೆ ನಿಂತ ನೀರನ್ನು ಸೀಳಿಕೊಂಡು ಹೋಗುವುದು ಅಗಲದ ಟೈರಿಗೆ ಹೆಚ್ಚು ಕಷ್ಟ. ನೀರಿನ ಮೇಲೆ ತೇಲಿದ ಚಕ್ರ ಸ್ಟೀರಿಂಗಿನ ಮಾತನ್ನೂ ಕೇಳುವುದಿಲ್ಲ, ಬ್ರೇಕಿನ ಮಾತನ್ನೂ ಕೇಳುವುದಿಲ್ಲ. ಹೊಸ ಚಕ್ರಗಳಿಗೆ ಸುರಿಯುವ ಹಣದಲ್ಲಿ ಒಂದು ಭಾಗವನ್ನು, ಒದ್ದೆ ರಸ್ತೆಯಲ್ಲಿ ಚೆನ್ನಾಗಿ ಹಿಡಿಯುವ ಉತ್ತಮ ದರ್ಜೆಯ 195/55 ಟೈರುಗಳಿಗೆ ಕೊಡಿ. ಟೈರಿನ ಕಚ್ಚುಗಳ ನಡುವೆ 1.6 ಮಿ.ಮೀ. ಎತ್ತರದ ಸವೆತದ ಗುರುತು ಇರುತ್ತದೆ. ನಮ್ಮ ಮಳೆಗೆ ಅಲ್ಲಿಯವರೆಗೆ ಕಾಯುವುದು ತಡವಾದಂತೆಯೇ.

ಸ್ವಲ್ಪ ದಪ್ಪ ಟೈರು ಬೇಕೇಬೇಕೆಂದಿದ್ದರೆ ಅದೇ ರಿಮ್ಮಿಗೆ 205/55 ಆರ್16 ಕೂರುತ್ತದೆ. ಕಾರು ಐದಾರು ಮಿ.ಮೀ. ಮೇಲೇಳುತ್ತದೆ, ಭಾರದ ಅಂಕಿಯೂ 91ಕ್ಕೆ ಏರುತ್ತದೆ. ಮೀಟರು ಈಗಿಗಿಂತ ಶೇ. 2ರಷ್ಟು ಕಡಿಮೆ ವೇಗ ತೋರಿಸುತ್ತದೆ. ಮೊದಲು ಒಂದು ಟೈರನ್ನು ಮುಂದಕ್ಕೆ ಹಾಕಿಸಿ, ಕಾರಿನಲ್ಲಿ ಜನರನ್ನು ಕೂರಿಸಿ, ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಒಳಗೆಲ್ಲೂ ಉಜ್ಜುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಉಳಿದವನ್ನು ಕೊಳ್ಳಿ. ಸದ್ಯಕ್ಕೆ ಎರಡೇ ಟೈರು ಬದಲಿಸುವುದಾದರೆ ಅಳತೆ ಹಳೆಯದೇ ಇರಲಿ, ಹೊಸ ಜೋಡಿ ಹಿಂದಿನ ಚಕ್ರಗಳಿಗೆ ಹೋಗಲಿ. ಒದ್ದೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿದರೆ ಸಂಭಾಳಿಸುವುದು ಬಹಳ ಕಷ್ಟ.