ಸಾಧಾರಣ ಅಂಕಕ್ಕೆ ಯಾವ ಎಂಜಿನಿಯರಿಂಗ್ ಕಾಲೇಜು?

ಪ್ರಶ್ನೆ: ನಾವು ಅರಸೀಕೆರೆ ಸಮೀಪದ ಹಳ್ಳಿಯವರು. ಮಗಳು ದ್ವಿತೀಯ ಪಿಯುಸಿಯಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ ಸೇರಿ ಶೇ 66 ಅಂಕ ಪಡೆದಿದ್ದಾಳೆ. ಸಿಇಟಿಯಲ್ಲಿ 180ಕ್ಕೆ 52 ಬಂದಿದ್ದು, ರ‍್ಯಾಂಕ್ 90 ಸಾವಿರ ದಾಟಿದೆ. ಹತ್ತನೆಯ ತರಗತಿಯವರೆಗೆ ಊರಿನ ಕನ್ನಡ ಶಾಲೆಯಲ್ಲೇ ಓದಿದವಳು, ಪ್ರವರ್ಗ 2ಎ. ಕಂಪ್ಯೂಟರ್ ಸೈನ್ಸ್ ಓದುವ ಆಸೆ ಅವಳದು. ಬೆಂಗಳೂರಿನಲ್ಲಿ ಆಡಳಿತ ಮಂಡಳಿ ಕೋಟಾದ ಸೀಟು ಕೊಡಿಸುವುದಾಗಿ ಒಬ್ಬರು ಹೇಳುತ್ತಿದ್ದಾರೆ. ಅದಕ್ಕೆ ಜಮೀನು ಅಡವಿಡಬೇಕು. ಈ ಅಂಕಕ್ಕೆ ಎಲ್ಲಿ ಸೀಟು ಸಿಗಬಹುದು?

ಉತ್ತರ: ಜಮೀನಿನ ಪತ್ರ ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ. ರ‍್ಯಾಂಕ್ ನಿರ್ಧರಿಸುವಾಗ ಪಿಯುಸಿ ಮತ್ತು ಸಿಇಟಿ ಅಂಕಗಳಿಗೆ ಸಮಪಾಲು ಕೊಡುವುದರಿಂದ, ನಿಮ್ಮ ಮಗಳಿಗೆ ಪಿಯುಸಿಯಿಂದ 33, ಸಿಇಟಿಯಿಂದ ಸುಮಾರು 14, ಒಟ್ಟು ನೂರಕ್ಕೆ 47ರಷ್ಟು ಅಂಕ ಸೇರಿದೆ. ಇದರಿಂದ ಬೆಂಗಳೂರಿನ ಹೆಸರಾಂತ ಕಾಲೇಜುಗಳಲ್ಲಿ ಕಂಪ್ಯೂಟರ್ ಸೈನ್ಸ್ ಸಿಗುವುದಿಲ್ಲ. ಆದರೆ ಸರ್ಕಾರಿ ಶುಲ್ಕದ ಸೀಟಿನ ಬಾಗಿಲು ಮುಚ್ಚಿದೆ ಎಂದು ಇದರರ್ಥವಲ್ಲ.

ನಿಮ್ಮ ಪತ್ರದಲ್ಲಿ ನೀವು ಹಗುರವಾಗಿ ಹೇಳಿ ಮುಂದೆ ಹೋದ ಸಂಗತಿಯೇ ನನಗೆ ಮುಖ್ಯವಾಗಿ ಕಾಣುತ್ತದೆ. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಮೀಸಲಾತಿ ಇದೆ. ನಿಮ್ಮ ಮಗಳಿಗೆ ಎರಡೂ ಅನ್ವಯಿಸುತ್ತವೆ. ಅರ್ಜಿಯಲ್ಲಿ ಇವನ್ನು ಕೋರಿದ್ದೀರಾ, ದಾಖಲೆ ಪರಿಶೀಲನೆಯ ನಂತರದ ಪತ್ರದಲ್ಲಿ ಇವು ನಮೂದಾಗಿವೆಯೇ ಎಂಬುದನ್ನು ಇಂದೇ ನೋಡಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಹಿಂದಿನ ವರ್ಷಗಳ ಕಟ್‌ಆಫ್ ರ‍್ಯಾಂಕ್‌ಗಳನ್ನು ಕಾಲೇಜುವಾರು, ಕೋರ್ಸ್‌ವಾರು ಪ್ರಕಟಿಸುತ್ತದೆ. ಕಟ್‌ಆಫ್ ಎಂದರೆ ಆ ಸೀಟು ಸಿಕ್ಕ ಕೊನೆಯ ರ‍್ಯಾಂಕ್. ಆ ಪಟ್ಟಿಯಲ್ಲಿ ಹೆಚ್ಚಿನ ಪೋಷಕರು ಜಿಎಂ (ಸಾಮಾನ್ಯ ಅರ್ಹತೆ) ಕಾಲಂ ಮಾತ್ರ ನೋಡಿ ಎದೆಗುಂದುತ್ತಾರೆ. ನೀವು 2ಎಜಿ (2ಎ ಸಾಮಾನ್ಯ) ಜೊತೆಗೆ 2ಎಆರ್ (2ಎ ಗ್ರಾಮೀಣ) ಮತ್ತು 2ಎಕೆ (2ಎ ಕನ್ನಡ ಮಾಧ್ಯಮ) ಕಾಲಂಗಳನ್ನು, ಅದೂ ಕೊನೆಯ ಸುತ್ತಿನವನ್ನು, ಕನಿಷ್ಠ ಎರಡು ವರ್ಷಗಳಿಗೆ ನೋಡಬೇಕು.

ಹಾಸನ, ಕೆ.ಆರ್. ಪೇಟೆ, ಚಾಮರಾಜನಗರ, ಹಾವೇರಿ, ಚಳ್ಳಕೆರೆಯ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳಿಂದ ಆರಂಭಿಸಿ, ಹಾಸನ, ತುಮಕೂರು, ಚಿಕ್ಕಮಗಳೂರು ಜಿಲ್ಲೆಗಳ ಖಾಸಗಿ ಕಾಲೇಜುಗಳತ್ತ ಬನ್ನಿ. ಇವು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ (ವಿಟಿಯು) ಸಂಯೋಜಿತವಾಗಿರುವವರೆಗೆ ಪದವಿ ಪತ್ರ ಅದೇ ವಿಶ್ವವಿದ್ಯಾಲಯದ್ದು. ಸಾಧ್ಯವಾದರೆ ಎರಡು ಮೂರು ಕಡೆಗೆ ಮಗಳನ್ನು ಕರೆದುಕೊಂಡು ಹೋಗಿ ಪ್ರಯೋಗಾಲಯ, ವಿದ್ಯಾರ್ಥಿನಿಲಯ ನೋಡಿ. ಅಂತಿಮ ವರ್ಷದ ವಿದ್ಯಾರ್ಥಿಗಳನ್ನು ಕೇಳಿದರೆ, ಪಾಠಗಳು ಸರಿಯಾಗಿ ನಡೆಯುತ್ತವೆಯೋ ಇಲ್ಲವೋ ಎಂಬುದು ತಿಳಿಯುತ್ತದೆ.

ಆಯ್ಕೆಗಳನ್ನು ದಾಖಲಿಸುವಾಗ ಬಹಳ ಮಂದಿ ತಪ್ಪುತ್ತಾರೆ. ಖಚಿತವಾಗಿ ಸಿಗುವ ಕಾಲೇಜನ್ನು ಭಯದಿಂದ ಮೇಲೆ ಬರೆದರೆ, ಅದೇ ಸಿಕ್ಕಿ ಕೆಳಗಿನ ಆಯ್ಕೆಗಳೆಲ್ಲ ರದ್ದಾಗುತ್ತವೆ, ಏಕೆಂದರೆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತಾ ಹೋಗಿ ಸಿಗುವ ಮೊದಲ ಸೀಟನ್ನು ಕೊಡಲಾಗುತ್ತದೆ. ಆದ್ದರಿಂದ ಕ್ರಮವು ಮಗಳ ಇಷ್ಟದ್ದೇ ಇರಲಿ: ಮೊದಲು ಕೈಗೆಟುಕದಂತೆ ಕಾಣುವ ಕೆಲವು, ನಂತರ ಕಟ್‌ಆಫ್ ಅವಳ ರ‍್ಯಾಂಕ್‌ನ ಆಸುಪಾಸಿನಲ್ಲಿರುವ ಹಲವು, ಕೊನೆಗೆ ಕಟ್‌ಆಫ್ ಒಂದೂಕಾಲು ಲಕ್ಷವನ್ನು ದಾಟಿರುವ ಹಲವು. ಎಷ್ಟು ಬೇಕಾದರೂ ಆಯ್ಕೆ ಕೊಡಬಹುದು. ಹತ್ತು ಹನ್ನೆರಡಕ್ಕೆ ನಿಲ್ಲಿಸಬೇಡಿ. ಹಾಗೆಂದು, ಸಿಕ್ಕರೂ ಸೇರುವುದಿಲ್ಲ ಎನಿಸುವ ಕಾಲೇಜನ್ನು ಸಂಖ್ಯೆ ತುಂಬಿಸಲು ಬರೆಯುವುದೂ ಬೇಡ. ಕಂಪ್ಯೂಟರ್ ಸೈನ್ಸ್ ಜೊತೆಗೆ ಎಲೆಕ್ಟ್ರಾನಿಕ್ಸ್, ಎಲೆಕ್ಟ್ರಿಕಲ್ ವಿಭಾಗಗಳ ಬಗ್ಗೆ ಅವಳ ಮನಸ್ಸೇನು ಎಂದು ಕೇಳಿ. ಆ ನಿರ್ಧಾರ ಅವಳದೇ ಆಗಬೇಕು.

ನಿಜವಾದ ಹಂಚಿಕೆಗೆ ಮೊದಲು ನಡೆಯುವ ಅಣಕು ಹಂಚಿಕೆಯ ಫಲಿತಾಂಶದಲ್ಲಿ ಸೀಟು ಬಾರದಿದ್ದರೆ ಗಾಬರಿಯಾಗದೆ, ಪಟ್ಟಿಯ ಕೆಳಭಾಗಕ್ಕೆ ಇನ್ನಷ್ಟು ಕಾಲೇಜುಗಳನ್ನು ಸೇರಿಸಿ. ಮೊದಲ ಸುತ್ತಿನಲ್ಲಿ ಒಪ್ಪಬಹುದಾದ ಸೀಟು ಬಂದು, ಅದಕ್ಕಿಂತ ಮೇಲಿನದರ ಆಸೆಯೂ ಉಳಿದಿದ್ದರೆ ಚಾಯ್ಸ್-2 ಆರಿಸಿ: ಕೈಯಲ್ಲಿರುವ ಸೀಟು ಉಳಿಯುತ್ತದೆ, ಮೇಲಿನದು ಸಿಕ್ಕರೆ ಮಾತ್ರ ಹಳೆಯದು ಹೋಗುತ್ತದೆ. ಚಾಯ್ಸ್-3 ಎಂದರೆ ಬಂದ ಸೀಟನ್ನು ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಕಾಯುವುದು. ಈ ರ‍್ಯಾಂಕ್‌ನಲ್ಲಿ ಅದನ್ನು ನಾನು ಸಲಹೆ ಮಾಡುವುದಿಲ್ಲ. ಮಧ್ಯವರ್ತಿಗೆ ಮುಂಗಡವನ್ನಂತೂ ಕೊಡಲೇಬೇಡಿ.