ಬೂದಿ ಬಣ್ಣದ ಆ ಕಲೆಯೇ ಗ್ಯಾಲಕ್ಸಿ, ಟೆಲಿಸ್ಕೋಪ್ ವಾಪಸ್ ಕೊಡಬೇಡಿ

ಚಳಿಗಾಲ ಬಂತೆಂದರೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಇರುತ್ತವೆ. ಪ್ರತಿ ವರ್ಷ ಹೇಳಿ ಹೇಳಿ ಬೇಜಾರಾಗಿದೆ. ಆದರೂ ಈ ಸಲ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಇದಕ್ಕೆ ಉತ್ತರ ಸಿಗದೆ ಒಳ್ಳೊಳ್ಳೆ ಟೆಲಿಸ್ಕೋಪುಗಳು ಅಟ್ಟ ಸೇರಿದ್ದನ್ನು ಕಣ್ಣಾರೆ ನೋಡಿದ್ದೇನೆ. ಸ್ಟ್ಯಾಂಡ್ ಜೋಡಿಸುವುದು, ಫೈಂಡರ್ (ಗುರಿ ಹಿಡಿಯಲು ಮೇಲಿರುವ ಪುಟ್ಟ ದುರ್ಬೀನು) ಹೊಂದಿಸುವುದು ಕೈಪಿಡಿಯಲ್ಲೇ ಇದೆ. ಅದನ್ನು ನೀವೇ ಓದಿಕೊಳ್ಳಿ.

ಪ್ರಶ್ನೆ: 130 ಎಂಎಂ ಕನ್ನಡಿಯ, 650 ಎಂಎಂ ಫೋಕಲ್ ಲೆಂತಿನ ಟೆಲಿಸ್ಕೋಪ್ ತಗೊಂಡೆ. ಅಮಾವಾಸ್ಯೆ ರಾತ್ರಿ ಮನೆ ಮಾಳಿಗೆ ಮೇಲಿಂದ ಆಂಡ್ರೊಮಿಡಾ ಗ್ಯಾಲಕ್ಸಿ, ಓರಿಯನ್ ನೀಹಾರಿಕೆ ನೋಡಿದೆ. ಎರಡೂ ಬರೀ ಬೂದಿ ಬಣ್ಣದ ಕಲೆ. 10 ಎಂಎಂ ಐಪೀಸಿಗೆ (ಕಣ್ಣಿಡುವ ಮಸೂರ) ಹಿಗ್ಗುವಿಕೆ ದುಪ್ಪಟ್ಟು ಮಾಡುವ ಬಾರ್ಲೋ ಮಸೂರ ಹಾಕಿದರೆ ಅದೂ ಮಾಯ. ಫೋಟೊದಲ್ಲಿರುವ ಗುಲಾಬಿ, ನೀಲಿ ಎಲ್ಲಿ? ಕನ್ನಡಿ ಕೆಟ್ಟಿದೆಯಾ? ವಾಪಸ್ ಕೊಡಲಾ? (ಗಂಗಾವತಿ)

ಉತ್ತರ: ಕನ್ನಡಿ ಚೆನ್ನಾಗಿಯೇ ಇದೆ. ವಾಪಸ್ ಕೊಡಬೇಡಿ. ನೀವು ಹುಡುಕಿದ್ದು ನಿಮಗೆ ಮೊದಲ ರಾತ್ರಿಯೇ ಸಿಕ್ಕಿದೆ, ಅದೇ ದೊಡ್ಡ ಮಾತು. ಆಂಡ್ರೊಮಿಡಾದಿಂದ ಆ ಬೆಳಕು ಹೊರಟು ಸುಮಾರು 25 ಲಕ್ಷ ವರ್ಷ ಆಗಿದೆ. 964ರಲ್ಲಿ ಪರ್ಷಿಯಾದ ಅಲ್-ಸೂಫಿ ಅದನ್ನು ಬರಿಗಣ್ಣಿನಿಂದ ನೋಡಿ ಪುಟ್ಟ ಮೋಡ ಎಂದೇ ಬರೆದಿಟ್ಟ. ಆಂಡ್ರೊಮಿಡಾಕ್ಕೆ ಎಂ31, ಓರಿಯನ್ ನೀಹಾರಿಕೆಗೆ ಎಂ42 ಅಂತ ಹೆಸರಿಡುತ್ತೇವಲ್ಲ, ಆ 'ಎಂ' ಚಾರ್ಲ್ಸ್ ಮೆಸ್ಸಿಯೇ ಎಂಬ ಫ್ರೆಂಚ್ ಖಗೋಳಜ್ಞನದು. ಅವನು ಹುಡುಕುತ್ತಿದ್ದದ್ದು ಧೂಮಕೇತು. ಈ ಮಸುಕು ಕಲೆಗಳು ಅವನನ್ನು ಮತ್ತೆ ಮತ್ತೆ ಮೋಸ ಮಾಡುತ್ತಿದ್ದವು. ಇವು ಧೂಮಕೇತು ಅಲ್ಲ, ಬಿಟ್ಟುಬಿಡಿ ಅಂತ ಹೇಳಲಿಕ್ಕೇ ಆ ಪಟ್ಟಿ ಮಾಡಿದ. ಅವನಿಗೂ ಕಂಡದ್ದು ಕಲೆಯೇ.

ಬಣ್ಣದ ಮಾತು. ಕ್ಯಾಮೆರಾ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬೆಳಕನ್ನು ಕೂಡಿಟ್ಟುಕೊಳ್ಳುತ್ತದೆ. ಕಣ್ಣಿಗೆ ಆ ಶಕ್ತಿ ಇಲ್ಲ. ಕಣ್ಣಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳಿಗೆ ಬೆಳಕು ಜಾಸ್ತಿ ಬೇಕು. ಕತ್ತಲಲ್ಲಿ ದುಡಿಯುವುದು ರಾಡ್ ಕೋಶಗಳು, ಅವಕ್ಕೆ ಬಣ್ಣ ಗೊತ್ತಿಲ್ಲ. ಹಾಗಾಗಿ ಬೂದಿ. ಲಕ್ಷ ರೂಪಾಯಿ ಕೊಟ್ಟು ತಂದರೂ ಆಂಡ್ರೊಮಿಡಾ ಬೂದಿಯೇ. ಫೋಟೊ ತೋರಿಸಿ ಟೆಲಿಸ್ಕೋಪ್ ಮಾರುವವರ ಮೇಲೆ ನನಗೆ ಸಿಟ್ಟು ಬರುವುದು ಇದಕ್ಕೇ.

ಈಗ ಬಾರ್ಲೋ ಕಳಚಿ ಡಬ್ಬಿಯಲ್ಲಿಡಿ. 650ನ್ನು ಐಪೀಸಿನ 10ರಿಂದ ಭಾಗಿಸಿದರೆ 65, ಬಾರ್ಲೋ ಸೇರಿ ನೀವು 130 ಪಟ್ಟು ಹಿಗ್ಗಿಸಿದಿರಿ. ಆಂಡ್ರೊಮಿಡಾ ಆಕಾಶದಲ್ಲಿ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದ ಇದೆ. 130 ಪಟ್ಟಿನಲ್ಲಿ ಅದರ ನಡುವಿನ ಒಂದು ಚೂರನ್ನಷ್ಟೇ ನೋಡುತ್ತಿದ್ದೀರಿ. ಬೆಳಕೂ ಇದ್ದಷ್ಟೇ ಅಲ್ವಾ? ಒಂದು ಚಮಚ ಬೆಣ್ಣೆಯನ್ನು ಒಂದು ರೊಟ್ಟಿಗೆ ಸವರಿದರೆ ಕಾಣುತ್ತದೆ, ಹತ್ತು ರೊಟ್ಟಿಗೆ ಸವರಿದರೆ ಎಲ್ಲಿದೆ ಅಂತ ಹುಡುಕಬೇಕು. 25 ಎಂಎಂ ಐಪೀಸ್ ಹಾಕಿ. 26 ಪಟ್ಟು ಬರುತ್ತದೆ, ಅಷ್ಟು ಸಾಕು. ಓರಿಯನ್ ನೀಹಾರಿಕೆಯನ್ನೂ ಮೊದಲು ಇದರಲ್ಲೇ ನೋಡಿ. ಆಮೇಲೆ 10 ಎಂಎಂ ಹಾಕಿದರೆ ನಡುವೆ ನಾಲ್ಕು ಪುಟ್ಟ ನಕ್ಷತ್ರ ಒತ್ತೊತ್ತಾಗಿ ಕಾಣುತ್ತವೆ.

ಆದರೆ ಐಪೀಸಿಗಿಂತ ಮುಖ್ಯ ನಿಮ್ಮ ಕಣ್ಣು. ಇದನ್ನು ನಾನು ಕಲಿತದ್ದು ಕುಕನೂರು ಕಡೆಯ ಒಂದು ಹೊಲದಲ್ಲಿ. ಪೇಟೆಯಿಂದ ಹತ್ತು ಜನ ಬಂದಿದ್ದರು. ಸರದಿಯಲ್ಲಿ ನಿಂತವರ ಕೈಯಲ್ಲೆಲ್ಲ ಮೊಬೈಲು. ಒಬ್ಬೊಬ್ಬರೂ ಓರಿಯನ್ ನೀಹಾರಿಕೆ ನೋಡಿ, ಏನೋ ಹೊಗೆ ಇದ್ದಂಗಿದೆ ಅಂದು ಸರಿದರು. ಅಷ್ಟರಲ್ಲಿ ಪಕ್ಕದ ಹೊಲದ ರೈತರೊಬ್ಬರು ಬಂದರು. ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟ್ ಬರುವುದು ರಾತ್ರಿ. ಎರಡು ತಾಸಿನಿಂದ ಬ್ಯಾಟರಿ ಇಲ್ಲದೆ ಕತ್ತಲಲ್ಲೇ ನೀರು ಹಾಯಿಸುತ್ತಿದ್ದರು. ಕಾಲಿಗಿನ್ನೂ ಕೆಸರಿತ್ತು. ಬಗ್ಗಿ ನೋಡಿದರು, ತುಂಬ ಹೊತ್ತು ಏಳಲೇ ಇಲ್ಲ. ಆಮೇಲೆ "ಸರ್, ಇದಕ್ಕ ಎರಡು ರೆಕ್ಕಿ ಅದಾವಲ್ರೀ, ಹಕ್ಕಿ ಹಾರಿದಂಗ ಐತಿ" ಅಂದರು. ಆ ರೆಕ್ಕೆ ನಿಜಕ್ಕೂ ಇವೆ. ಅಲ್ಲಿದ್ದ ಹತ್ತು ಜನರಿಗೂ ಕಂಡಿರಲಿಲ್ಲ. ಟೆಲಿಸ್ಕೋಪ್ ಅದೇ, ಐಪೀಸೂ ಅದೇ.

ಕತ್ತಲಿಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕು. ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಕಾಯಬೇಕು. ಬೆಳಕು ಬೇಕೇಬೇಕು ಅಂದರೆ ಬ್ಯಾಟರಿಗೆ ಕೆಂಪು ಜಿಲೆಟಿನ್ ಕಾಗದ ಕಟ್ಟಿ. ಕಲೆಯನ್ನು ನೆಟ್ಟ ನೋಟದಿಂದ ನೋಡಬೇಡಿ, ಅದರ ಪಕ್ಕಕ್ಕೆ ಓರೆಯಾಗಿ ನೋಡಿ. ಕಣ್ಣಿನ ನಟ್ಟನಡುವೆ ರಾಡ್ ಕೋಶಗಳೇ ಇಲ್ಲ, ಅವು ಸುತ್ತ ಇವೆ. ಓರೆನೋಟಕ್ಕೆ ಕಲೆ ತಟ್ಟನೆ ಹಿಗ್ಗುತ್ತದೆ. ಒಂದೇ ಕಲೆಯ ಮುಂದೆ ಹತ್ತು ನಿಮಿಷ ಕೂತು, ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆದು ನೋಡಿ. ಐದನೇ ರಾತ್ರಿಯ ಚಿತ್ರಕ್ಕೂ ಮೊದಲನೆಯದಕ್ಕೂ ಇರುವ ವ್ಯತ್ಯಾಸ ನೀವೇ ನೋಡುತ್ತೀರಿ.

ಇನ್ನು ಮಾಳಿಗೆ. ನಮ್ಮ ಕಡೆಯ ಬಿಸಿಲು ಕುಡಿದ ಮಾಳಿಗೆ ಸರಿರಾತ್ರಿವರೆಗೂ ಕಾವು ಬಿಡುತ್ತದೆ, ಆ ಗಾಳಿಯಲ್ಲಿ ನಕ್ಷತ್ರಗಳು ನಡುಗುತ್ತವೆ. ಜೊತೆಗೆ ಬೀದಿದೀಪ, ರೈಸ್ ಮಿಲ್ಲಿನ ಫ್ಲಡ್‌ಲೈಟು. ಊರಾಚೆ ಹೋಗಿ. ಆನೆಗೊಂದಿ ಕಡೆಯ ಬಂಡೆಗಳ ನಡುವೆ ಮಾತ್ರ ಬೇಡ. ಬಂಡೆಯೂ ಕಾವು ಬಿಡುತ್ತದೆ, ಆ ಗುಡ್ಡಗಳಲ್ಲಿ ಚಿರತೆ, ಕರಡಿ ಇವೆ. ಪರಿಚಯದವರ ಹೊಲ ಸಾಕು. ಒಬ್ಬರೇ ಹೋಗಬೇಡಿ. ಹತ್ತಿರದಲ್ಲಿ ಭತ್ತದ ಹುಲ್ಲು ಸುಡುತ್ತಿದ್ದರೆ ಆ ರಾತ್ರಿ ಸುಮ್ನೆ ಮಲಗಿ.

ಮೇ ತಿಂಗಳವರೆಗೆ ಟೆಲಿಸ್ಕೋಪ್ ಇಟ್ಟುಕೊಂಡಿದ್ದರೆ ಒಂದು ಒಳ್ಳೆ ಬಹುಮಾನ ಇದೆ. ಅಮಾವಾಸ್ಯೆ ಆಸುಪಾಸು, ರಾತ್ರಿ ಹತ್ತರ ಸುಮಾರಿಗೆ ದಕ್ಷಿಣಕ್ಕೆ ತಿರುಗಿ. ದಿಗಂತದಿಂದ ಸುಮಾರು 27 ಡಿಗ್ರಿ ಮೇಲೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗುಚ್ಛ ಇರುತ್ತದೆ. ಸುಮಾರು 17,000 ಜ್ಯೋತಿರ್ವರ್ಷ ದೂರ, ಕೋಟಿಯಷ್ಟು ನಕ್ಷತ್ರ. ಬರಿಗಣ್ಣಿಗೆ ಮಸುಕು ಚುಕ್ಕೆ, ನಿಮ್ಮ 10 ಎಂಎಂನಲ್ಲಿ ಅಂಚಿನ ತುಂಬ ರವೆ ಚೆಲ್ಲಿದಂತೆ. ಮೆಸ್ಸಿಯೇ ಪಟ್ಟಿಯಲ್ಲಿ ಇದಿಲ್ಲ, ಯಾಕೆಂದರೆ ಅವನು ಆಕಾಶ ನೋಡುತ್ತಿದ್ದ ಪ್ಯಾರಿಸ್ಸಿನಲ್ಲಿ ಅದು ಹುಟ್ಟುವುದೇ ಇಲ್ಲ. ಕೊಪ್ಪಳ ಜಿಲ್ಲೆಯಲ್ಲಿ ಹುಟ್ಟುತ್ತದೆ.

ಪ್ರಶ್ನೆ: 60 ಎಂಎಂ ಟೆಲಿಸ್ಕೋಪಿನ ಡಬ್ಬಿ ಮೇಲೆ 525 ಪಟ್ಟು ಅಂತ ಬರೆದಿದೆ. ತಗೊಳ್ಳಲಾ? (ಸಿಂಧನೂರು)

ಉತ್ತರ: ಬೇಡ. 60 ಎಂಎಂಗೆ 120 ಪಟ್ಟು ದಾಟಿದರೆ ಮಂಜೇ ಗತಿ.

ಪ್ರಶ್ನೆ: ಮಗಳ ಹೆಸರನ್ನು ನಕ್ಷತ್ರಕ್ಕೆ ಇಟ್ಟು ಸರ್ಟಿಫಿಕೇಟ್ ಕೊಡುತ್ತಾರಂತೆ. ನಿಜವಾ? (ರಾಯಚೂರು)

ಉತ್ತರ: ಸುಳ್ಳು. ನಕ್ಷತ್ರಗಳ ಹೆಸರು ನಿರ್ಧರಿಸುವ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹೆಸರು ಮಾರುವುದಿಲ್ಲ. ಆ ದುಡ್ಡಲ್ಲಿ ಮಗಳಿಗೆ ಬೈನಾಕ್ಯುಲರ್ ಕೊಡಿಸಿ.

ಪ್ರಶ್ನೆ: ರಾತ್ರಿ ದೃಷ್ಟಿ ಚುರುಕಾಗಲು ಸಂತೆಯಲ್ಲಿ ಬೇರಿನ ಹನಿ ಮಾರುತ್ತಾರೆ. ಹಾಕಿಕೊಳ್ಳಬಹುದಾ? (ಬಳ್ಳಾರಿ)

ಉತ್ತರ: ಒಂದು ಹನಿಯೂ ಬೇಡ. ಇಂಥವರ ಕೈಗೆ ಕಣ್ಣು ಕೊಡಬೇಡಿ. ಕತ್ತಲಲ್ಲಿ ಬೇರೆಯವರಿಗಿಂತ ಕಡಿಮೆ ಕಾಣುತ್ತಿದ್ದರೆ ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ.

ಪ್ರಶ್ನೆ: ಟೆಲಿಸ್ಕೋಪ್ ಜೊತೆ ಐಪೀಸಿಗೆ ತಿರುಗಿಸಿ ಹಾಕುವ ಕಪ್ಪು ಸನ್ ಫಿಲ್ಟರ್ ಬಂದಿದೆ. ಸೂರ್ಯನನ್ನು ನೋಡಬಹುದಾ? (ಕಂಪ್ಲಿ)

ಉತ್ತರ: ಖಂಡಿತ ಬೇಡ. ಕನ್ನಡಿ ಕೂಡಿಸಿದ ಬಿಸಿಲೆಲ್ಲ ಬಂದು ಬೀಳುವುದು ಆ ಗಾಜಿನ ಮೇಲೇ. ಅದು ಯಾವಾಗ ಬೇಕಾದರೂ ಫಟ್ ಅಂತ ಸೀಳಬಹುದು, ಆಗ ಕಣ್ಣು ಹಿಂದಕ್ಕೆ ಸರಿಸಲೂ ಸಮಯ ಸಿಗುವುದಿಲ್ಲ. ಸೂರ್ಯನಿಗೆ ಫಿಲ್ಟರ್ ಇರಬೇಕಾದದ್ದು ಕೊಳವೆಯ ಮುಂಬಾಯಿಗೆ, ಪೂರ್ತಿ ಮುಚ್ಚುವಂತೆ. ಅದನ್ನೂ ಪ್ರತಿ ಸಲ ತೂತಿದೆಯಾ ಅಂತ ನೋಡಿಯೇ ಹಾಕಬೇಕು, ಫೈಂಡರನ್ನು ಕಳಚಿಡಬೇಕು. ನಿಮ್ಮ ಹತ್ತಿರ ಇರುವ ಆ ಕಪ್ಪು ಗಾಜನ್ನು ಇವತ್ತೇ ಬಟ್ಟೆಯಲ್ಲಿ ಸುತ್ತಿ, ಸುತ್ತಿಗೆಯಿಂದ ಒಡೆದು ಕಸಕ್ಕೆ ಹಾಕಿ. ಮನೆಯಲ್ಲಿ ಇಟ್ಟುಕೊಂಡರೆ ಎಂದೋ ಒಂದು ದಿನ ಮಕ್ಕಳ ಕೈಗೆ ಸಿಗುತ್ತದೆ.