‘ಔಷಧ ಮುಚ್ಚಿಟ್ಟಿದ್ದಾರೆ’ ಅನ್ನುವ ಅಪ್ಪನಿಗೆ ಏನು ಹೇಳಲಿ?

ಉತ್ತರ: ದಾವಣಗೆರೆಯ ಮನೋವೈದ್ಯರಿಂದ

ಪ್ರಶ್ನೆ: ನಮ್ಮ ತಂದೆ ನಿವೃತ್ತ ಮೇಷ್ಟ್ರು. ಬಹಳ ವರ್ಷದಿಂದ ಶುಗರ್ ಇದೆ. ‘ಪೂರ್ತಿ ವಾಸಿಯಾಗುವ ಔಷಧ ಎಂದೋ ಸಿಕ್ಕಿದೆ, ಕಂಪನಿಗಳು ಮುಚ್ಚಿಟ್ಟಿವೆ’ ಎಂಬ ವಿಡಿಯೊ ನೋಡಿ ಮಾತ್ರೆ ಬಿಟ್ಟಿದ್ದಾರೆ, ಯಾರೋ ಕೊಟ್ಟ ಪುಡಿ ತಿನ್ನುತ್ತಿದ್ದಾರೆ. ಇಷ್ಟು ಓದಿದವರು ಇದನ್ನೆಲ್ಲ ಹೇಗೆ ನಂಬುತ್ತಾರೆ ಸಾರ್? – ಹರಿಹರದ ಓದುಗರು

ಉತ್ತರ: ‘ಇಷ್ಟು ಓದಿದವರು’ ಅನ್ನುವ ಮಾತನ್ನು ಮೊದಲು ಬಿಡಿ. ಪ್ರತಿ ಪತ್ರದಲ್ಲೂ ಇದೇ ಮಾತು ಓದಿ ನನಗೆ ಬೇಸರ ಬಂದಿದೆ. ಓದಿದವರು ತಾವು ನಂಬಿದ್ದಕ್ಕೆ ಇನ್ನೂ ಗಟ್ಟಿಯಾದ ಸಮರ್ಥನೆ ಹುಡುಕಿಕೊಳ್ಳುತ್ತಾರೆ, ಅಷ್ಟೇ.

ನಿಮ್ಮ ತಂದೆಯ ಜಾಗದಲ್ಲಿ ಕೂತು ನೋಡಿ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, ತಿಂಡಿ ತಿಂದು ಎರಡು ಗಂಟೆ ಬಿಟ್ಟು ಮತ್ತೆ ಕೊಟ್ಟು, ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕಾಯುತ್ತಾರೆ. ಒಳಗೆ ಹೋದರೆ ‘ಪಥ್ಯ ಮಾಡ್ತಿಲ್ಲ ನೀವು’ ಅಂತ ಗದರಿಸಿ ಇನ್ನೊಂದು ಮಾತ್ರೆ ಬರೆಯುತ್ತಾರೆ. ಎಷ್ಟು ದಿನ ಅಂದರೆ ‘ಜೀವನಪೂರ್ತಿ’. ಕಾಯಿಲೆಯೂ ಅವರದೇ, ತಪ್ಪೂ ಅವರದೇ. ವಿಡಿಯೊದವನು ಹೇಳುವುದೇ ಬೇರೆ: ತಪ್ಪು ಕಂಪನಿಯವರದು, ಕಾಯಿಲೆಗೆ ಕೊನೆಯಿದೆ, ಈ ಗುಟ್ಟು ಗೊತ್ತಿರುವ ಕೆಲವರಲ್ಲಿ ನೀವೂ ಒಬ್ಬರು. ತನ್ನ ಕೈಯಲ್ಲಿ ಏನೂ ಇಲ್ಲ ಅನ್ನಿಸಿ ಹೆದರಿದವರಿಗೆ ಇದಕ್ಕಿಂತ ಸಮಾಧಾನದ ಮಾತು ಯಾವುದಿದೆ? ಜೊತೆಗೆ, ಪದೇ ಪದೇ ಕೇಳಿದ ಮಾತು ನಿಜ ಅನ್ನಿಸತೊಡಗುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿಗಳು 1977ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಬೀಗರ ಗ್ರೂಪಿನಲ್ಲಿ, ಹಳೇ ವಿದ್ಯಾರ್ಥಿಗಳ ಗ್ರೂಪಿನಲ್ಲಿ, ವಾಕಿಂಗ್ ಗೆಳೆಯರ ಬಾಯಲ್ಲಿ ಅದೇ ವಿಡಿಯೊ ತಾನೆ?

ಕಂಪನಿಗಳ ಮೇಲಿನ ಅನುಮಾನಕ್ಕೆ ಬುಡವೇ ಇಲ್ಲ ಅಂತಲ್ಲ. ಅವುಗಳಿಗೆ ದುಡ್ಡಿನ ಆಸೆ ಇದೆ. ಆದರೆ ಆ ಆಸೆಯೇ ಈ ಕಥೆಯನ್ನು ಸುಳ್ಳು ಮಾಡುತ್ತದೆ. ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಸೋಂಕನ್ನು ವಾಸಿ ಮಾಡುವ ಮಾತ್ರೆ 2013ರಲ್ಲಿ ಅಮೆರಿಕದಲ್ಲಿ ಬಂದಾಗ ಕಂಪನಿ ಅದನ್ನು ಮುಚ್ಚಿಡಲಿಲ್ಲ, ಒಂದೊಂದು ಮಾತ್ರೆಗೆ 1,000 ಡಾಲರ್ ಬೆಲೆ ಇಟ್ಟು ಮಾರಿತು. ಶುಗರಿಗೆ ಅಂಥದ್ದು ಸಿಕ್ಕಿದ್ದರೆ ಬಿಡುತ್ತಿದ್ದರೇ? ಇವತ್ತು ಕೊಡುವ ಶುಗರ್ ಮಾತ್ರೆ ಮೆಟ್‌ಫಾರ್ಮಿನ್‌ಗೆ ಪೇಟೆಂಟೂ ಇಲ್ಲ, ಜನೌಷಧಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ; ಅದನ್ನು ಮಾರಲೆಂದು ದೊಡ್ಡ ಔಷಧವನ್ನು ಯಾರು ಮುಚ್ಚಿಡುತ್ತಾರೆ?

ಪುಡಿ ಮಾರುವವನ ಮೇಲೆ ಮಾತ್ರ ನನಗೆ ಕಿಂಚಿತ್ತೂ ಕನಿಕರವಿಲ್ಲ. ಇಂಥ ‘ಗಿಡಮೂಲಿಕೆ’ ಔಷಧಗಳನ್ನು ಲ್ಯಾಬಿನಲ್ಲಿ ಪರೀಕ್ಷಿಸಿದಾಗ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಮಾತ್ರೆಯೇ ಸಿಕ್ಕ ಉದಾಹರಣೆಗಳಿವೆ. ಅಳತೆಯಿಲ್ಲದೆ ಬೆರೆಸಿದ ಅದು ವಯಸ್ಸಾದವರ ಶುಗರನ್ನು ನಿದ್ದೆಯಲ್ಲೇ ಕುಸಿಯುವಂತೆ ಮಾಡಬಹುದು. ಬೆವರು, ನಡುಕ, ತೊದಲು ಕಂಡರೆ, ಎಚ್ಚರವಿದ್ದರೆ ಸಕ್ಕರೆ ನೀರು ಕುಡಿಸಿ ಆಸ್ಪತ್ರೆಗೆ ಓಡಿ.

ಸೊಸೆ, ಮೊಮ್ಮಕ್ಕಳ ಎದುರು ತಂದೆಯೊಂದಿಗೆ ವಾದಕ್ಕಿಳಿಯಬೇಡಿ. ಒಬ್ಬರೇ ಇದ್ದಾಗ ‘ಅಪ್ಪಾಜಿ, ಮಾತ್ರೆ ತಗೊಳ್ಳೋಕೆ ಏನು ಹೆದರಿಕೆ?’ ಅಂತ ಕೇಳಿ, ಪೂರ್ತಿ ಕೇಳಿಸಿಕೊಳ್ಳಿ. ಬಹುಮಟ್ಟಿಗೆ ‘ಕಿಡ್ನಿ ಹೋಗುತ್ತೆ’ ಅನ್ನುತ್ತಾರೆ. ಕಿಡ್ನಿ ಕೆಡಿಸುವುದು ಹತೋಟಿ ತಪ್ಪಿದ ಶುಗರ್. ಈ ಮಾತನ್ನು ಅವರ ಡಾಕ್ಟರ ಬಾಯಿಂದಲೇ ಹೇಳಿಸಿ. ಈ ವಾರವೇ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) ಮಾಡಿಸಿ, ಅಂಗಾಲಲ್ಲಿ ಗಾಯವಿದೆಯೇ ನೋಡಿ.

ಪ್ರಶ್ನೆ: ನಮ್ಮ ಕಡೆ ಹೊಲದಲ್ಲಿ ವಿಮಾನ ಬಿದ್ದಿದ್ದರ ಹಿಂದೆ ಏನೋ ಇದೆಯಂತೆ? – ಚಳ್ಳಕೆರೆ

ಉತ್ತರ: 2019ರಲ್ಲಿ ಜೋಡಿಚಿಕ್ಕೇನಹಳ್ಳಿ ಬಳಿ, 2023ರಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಬಿದ್ದದ್ದು ದೇಶದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ಪರೀಕ್ಷಿಸುತ್ತಿದ್ದ ಪೈಲಟ್ ಇಲ್ಲದ ವಿಮಾನ. ಅಮೃತಮಹಲ್ ಕಾವಲಿಗೆ, ಅಂದರೆ ಇಂಥ ಪರೀಕ್ಷೆಗಳಿಗೆ ಕೊಟ್ಟ ಹುಲ್ಲುಗಾವಲಿಗೆ, ಗೋಡೆ ಎಬ್ಬಿಸುವಾಗ ದನ ಮೇಯಿಸುವವರನ್ನು ಕೂರಿಸಿಕೊಂಡು ವಿವರ ಹೇಳಿದ್ದರೆ ಅರ್ಧ ಗುಸುಗುಸು ಹುಟ್ಟುತ್ತಲೇ ಇರಲಿಲ್ಲ.

ಪ್ರಶ್ನೆ: ಚಂದ್ರನ ಮೇಲೆ ಮನುಷ್ಯ ಇಳಿದದ್ದು ಸುಳ್ಳೇ?

ಉತ್ತರ: ಸುಳ್ಳಲ್ಲ, ಇಳಿದದ್ದು ನಿಜ. ಅಲ್ಲಿಂದ ತಂದ 382 ಕೆ.ಜಿ. ಕಲ್ಲುಮಣ್ಣನ್ನು ಅನೇಕ ದೇಶಗಳ ವಿಜ್ಞಾನಿಗಳು ಪರೀಕ್ಷಿಸಿದ್ದಾರೆ. ಈ ಪ್ರಶ್ನೆಯನ್ನು ಇನ್ನು ಕಳಿಸಬೇಡಿ.

ಪ್ರಶ್ನೆ: ಮಾವನವರಿಗೆ ಗೊತ್ತಾಗದಂತೆ ಸಾರಿನಲ್ಲಿ ಮಾತ್ರೆ ಬೆರೆಸಬಹುದೇ?

ಉತ್ತರ: ಖಂಡಿತ ಬೇಡ. ಗೊತ್ತಾದ ದಿನ ಅವರ ಅನುಮಾನವನ್ನು ನೀವೇ ನಿಜ ಮಾಡಿದಂತಾಗುತ್ತದೆ.